ಕಾರಿನ ವೈಪರ್ ಬ್ಲೇಡು: ವಿಲ್ಸನ್ ಗಾರ್ಡನ್ ಮತ್ತು ದಕ್ಷಿಣ ಬೆಂಗಳೂರಿನಲ್ಲಿ ನಿರ್ವಹಣೆ, ಬದಲಾವಣೆ

ಕಾರಿನ ಮುಂಗಾಜಿನ ಮೇಲೆ ಬಿದ್ದ ಮಳೆನೀರನ್ನೂ ಕೊಳೆಯನ್ನೂ ಒರೆಸುವ ರಬ್ಬರ್ ಅಂಚಿನ ಪಟ್ಟಿಗೆ ವೈಪರ್ ಬ್ಲೇಡು ಎಂದು ಹೆಸರು. ಬಾನೆಟ್ಟಿನ ಹಿಂಬದಿಯಲ್ಲಿ ಅಡಗಿರುವ ಮೋಟಾರು, ಅದರ ಸುತ್ತನ್ನು ಅತ್ತಿತ್ತ ಓಲಾಟವಾಗಿ ಬದಲಿಸುವ ಸರಳುಗಳು, ಸ್ಪ್ರಿಂಗ್ ಇರುವ ತೋಳು, ತೋಳಿನ ತುದಿಗೆ ಸಿಕ್ಕಿಸಿದ ಬ್ಲೇಡು, ಇಷ್ಟು ಸೇರಿದರೆ ವೈಪರ್. ಮೊದಲ ಮೂರು ಭಾಗಗಳು ಹಲವು ಕಾರುಗಳಲ್ಲಿ ಕಾರಿನಷ್ಟೇ ಕಾಲ ಬಾಳುತ್ತವೆ. ಬ್ಲೇಡು ಮಾತ್ರ ಟೈರು, ಬ್ರೇಕ್ ಪ್ಯಾಡುಗಳ ಜಾತಿಗೆ ಸೇರಿದ್ದು. ಸವೆಯುವುದೇ ಅದರ ಕೆಲಸ. ಆರು ತಿಂಗಳಿಂದ ವರ್ಷದೊಳಗೆ ಬದಲಿಸಿ ಎಂದು ತಯಾರಕರು ಸಾಮಾನ್ಯವಾಗಿ ಹೇಳುತ್ತಾರೆ. ಬೆಂಗಳೂರಿನಲ್ಲಿ ಈ ಲೆಕ್ಕವನ್ನು ಋತು ನೋಡಿ ಹಾಕುವುದು ಮೇಲು. ಇಲ್ಲಿ ಬ್ಲೇಡನ್ನು ಕೆಡಿಸುವುದು ಬೇಸಿಗೆ. ಕೆಟ್ಟಿದೆ ಎಂದು ಗೊತ್ತಾಗುವುದು ಮಳೆಯಲ್ಲಿ.

ಬಿಸಿಲು, ಮರ, ಧೂಳು

ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 980 ಮಿಲಿಮೀಟರ್. ಆಗುಂಬೆಯ 7000ಕ್ಕೂ ಮೀರಿದ ಮಳೆಯೆದುರು ಇದು ಲೆಕ್ಕಕ್ಕಿಲ್ಲ. ಆದರೆ ಅದು ವರ್ಷದಲ್ಲಿ ಹಂಚಿಹೋಗಿರುವ ರೀತಿ ರಬ್ಬರಿಗೆ ಒಗ್ಗುವಂಥದಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೆಚ್ಚುಕಡಿಮೆ ಒಣಗಾಲ. ಏಪ್ರಿಲ್ ನಡುವಿಂದ ಅಶ್ವಿನಿ, ಭರಣಿ ಮಳೆಗಳು ಗಾಳಿ ಗುಡುಗಿನೊಡನೆ, ಅದೂ ಆಫೀಸು ಬಿಡುವ ಹೊತ್ತಿಗೆ ಸರಿಯಾಗಿ, ಧೋ ಎಂದು ಸುರಿಯುತ್ತವೆ. ಜೂನ್, ಜುಲೈಗಳಲ್ಲಿ ಬಹುತೇಕ ಜಿಟಿಜಿಟಿ. ದೊಡ್ಡ ಮಳೆ ಉತ್ತರೆ, ಹಸ್ತ, ಚಿತ್ತೆಗಳದ್ದು, ಅಂದರೆ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನದ್ದು. ಹೀಗಾಗಿ ನಾಲ್ಕು ತಿಂಗಳು ಕದಲದೆ ಬಿಸಿಲಲ್ಲಿ ಬೆಂದ ರಬ್ಬರು ಒಂದು ಸಂಜೆ ಇದ್ದಕ್ಕಿದ್ದಂತೆ ಪೂರ್ತಿ ವೇಗದಲ್ಲಿ ದುಡಿಯಬೇಕಾಗುತ್ತದೆ. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿ ತಂಪಾಗಿದ್ದ ಮಾತ್ರಕ್ಕೆ ಬಿಸಿಲಿನ ಅತಿನೇರಳೆ ಕಿರಣಗಳ ಏಟು ಕಡಿಮೆಯಾಗದು. ಬೇಸಿಗೆಯೂ ಮೊದಲಿನ ಬೇಸಿಗೆಯಾಗಿ ಉಳಿದಿಲ್ಲ. 2016ರ ಏಪ್ರಿಲ್‌ನಲ್ಲಿ ನಗರದ ತಾಪಮಾನ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಬಿಸಿಲಿಗೆ ನಿಂತ ಕಾರಿನ ಗಾಜು ಗಾಳಿಗಿಂತ ಎಷ್ಟೋ ಹೆಚ್ಚು ಕಾದಿರುತ್ತದೆ, ರಬ್ಬರು ಅದಕ್ಕೆ ಒತ್ತಿಕೊಂಡೇ ಇರುತ್ತದೆ.

ವಿಲ್ಸನ್ ಗಾರ್ಡನ್ ಈ ಮಾತಿಗೆ ಒಳ್ಳೆಯ ಉದಾಹರಣೆ. ಲಾಲ್‌ಬಾಗಿನ ಪೂರ್ವಕ್ಕೆ, ಹೊಸೂರು ರಸ್ತೆಗೆ ಅಂಟಿಕೊಂಡಂತೆ ಇರುವ ಹಳೆಯ ಬಡಾವಣೆ ಇದು. ಮನೆಗೊಂದು ಕಾರು ಬರುವ ಕಾಲಕ್ಕೂ ಮುಂಚಿನ ನಿವೇಶನಗಳು. ಬಹಳಷ್ಟು ಮನೆಗಳಿಗೆ ಕಾರು ನಿಲ್ಲಿಸಲು ಒಳಗೆ ಜಾಗವಿಲ್ಲ. ಕಾರುಗಳು ಹಗಲೂ ರಾತ್ರಿಯೂ ಅಡ್ಡರಸ್ತೆಗಳ ಅಂಚಿನಲ್ಲೇ ನಿಲ್ಲುತ್ತವೆ, ನೆರಳಿದ್ದರೆ ಮರದ ಕೆಳಗೆ, ಇಲ್ಲದಿದ್ದರೆ ಬಿಸಿಲಿಗೆ. ಎರಡರಲ್ಲೂ ವೈಪರಿಗೆ ಸುಖವಿಲ್ಲ. ಮಳೆಮರ, ಹೊಂಗೆ ಮುಂತಾದ ಮರಗಳ ಮೇಲೆ ರಸ ಹೀರುವ ಕೀಟಗಳು ಬಿಡುವ ಸಿಹಿ ಅಂಟು ಹನಿಹನಿಯಾಗಿ ಗಾಜಿನ ಮೇಲೆ ಬಿದ್ದು ಒಣಗುತ್ತದೆ. ಅದರ ಮೇಲೆ ಧೂಳು ಕೂರುತ್ತದೆ, ಉದುರಿದ ಹೂವಿನ ಎಸಳು ಕೂರುತ್ತದೆ, ಹಕ್ಕಿ ಹಿಕ್ಕೆಯಂತೂ ಇದ್ದದ್ದೇ. ಮಳೆಮರದ ಚಿಕ್ಕ ಚಿಕ್ಕ ಎಲೆಗಳು ಗಾಜಿನ ಬುಡದ ಜಾಲರಿಯೊಳಗೆ ಇಳಿದು ಕೊಳೆಯುತ್ತವೆ. ಅಲ್ಲಿ ನೀರು ಹರಿದುಹೋಗುವ ತೂತು ಕಟ್ಟಿಕೊಂಡರೆ ಮಳೆನೀರು ಏಸಿಯ ಬ್ಲೋವರ್ ಕಡೆಗೆ ತಿರುಗಿ, ಮುಂದಿನ ಸೀಟಿನ ಕಾಲಡಿಯ ಮ್ಯಾಟು ಒದ್ದೆಯಾಗುತ್ತದೆ. ಇಂಥ ಕಾರನ್ನು ಗ್ಯಾರೇಜಿಗೆ ಒಯ್ದವರಿಗೆ ಬಾಗಿಲಿನ ಬೀಡಿಂಗ್ ಹೋಗಿದೆ ಎಂಬ ಉತ್ತರ ಸಿಗುವುದೂ ಉಂಟು. ಮೊದಲು ಎಲೆ ತೆಗೆದು ನೋಡಬೇಕು.

ಧೂಳಿನ ಕಥೆ ಇನ್ನೂ ದೊಡ್ಡದು. ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಮೆಟ್ರೋ ಗುಲಾಬಿ ಮಾರ್ಗ ಡೈರಿ ಸರ್ಕಲ್ ಹತ್ತಿರ ನೆಲದೊಳಗೆ ಇಳಿದು ಲಕ್ಕಸಂದ್ರ, ಲ್ಯಾಂಗ್‌ಫರ್ಡ್ ಟೌನ್ ದಾಟಿ ಮುಂದಕ್ಕೆ ಸಾಗುತ್ತದೆ. ಅದರ ಕಾಮಗಾರಿ ವರ್ಷಗಟ್ಟಲೆ ಈ ಭಾಗದಲ್ಲಿ ನಡೆಯಿತು. ಹಳೆ ಮನೆ ಒಡೆದು ನಾಲ್ಕು ಮಹಡಿ ಎಬ್ಬಿಸುವ ಕೆಲಸವೂ ಬೀದಿಗೊಂದರಂತೆ ಇದ್ದೇ ಇರುತ್ತದೆ. ಇಲ್ಲಿನ ನೆಲದಡಿ ಇರುವುದು ಗ್ರಾನೈಟು ಮತ್ತು ನೈಸ್ ಶಿಲೆ; ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ಕೂಡ ಅದೇ ಕಲ್ಲಿನ ಪುಡಿ. ಅದರಲ್ಲಿರುವ ಬೆಣಚುಕಲ್ಲಿನ ಗಡಸುತನ ಮೋಸ್ ಮಾಪಕದಲ್ಲಿ 7, ಗಾಜಿನದ್ದು ಸುಮಾರು 5.5. ಒಣ ಧೂಳು ಕೂತ ಗಾಜಿನ ಮೇಲೆ ವೈಪರ್ ಓಡಿಸಿದರೆ ರಬ್ಬರಿನಡಿ ಸಿಕ್ಕ ಕಣ ಗಾಜನ್ನೇ ಗೀರುತ್ತದೆ. ಹಗಲಲ್ಲಿ ಈ ಗೀರು ಕಾಣದು. ರಾತ್ರಿ ಎದುರಿನಿಂದ ಹೆಡ್‌ಲೈಟು ಬಿದ್ದಾಗ ಕಮಾನು ಕಮಾನಾಗಿ ಹೊಳೆಯುತ್ತದೆ. ಬ್ಲೇಡು ಬದಲಿಸಿದರೆ ಅದು ಹೋಗುವುದಿಲ್ಲ, ಗಾಜನ್ನೇ ಬದಲಿಸಬೇಕು. ಗಾಜಿನ ಬೆಲೆಯ ಮುಂದೆ ಬ್ಲೇಡಿನ ಬೆಲೆ ಏನೂ ಅಲ್ಲ.

ರಬ್ಬರಿನ ಅಂಚು

ಬ್ಲೇಡಿನ ರಬ್ಬರನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಮೇಲೆ ದಪ್ಪ ತಲೆ, ನಡುವೆ ಸಣಕಲು ಕುತ್ತಿಗೆ, ಕೆಳಗೆ ಚೂಪಾಗುತ್ತ ಹೋಗಿ ಕೊನೆಯಲ್ಲಿ ಚೌಕವಾಗಿ ಕತ್ತರಿಸಿದ ತುಟಿ ಕಾಣುತ್ತದೆ. ತುಟಿಗೆ ಎರಡು ಮೂಲೆಗಳು. ತೋಳು ಬಲಕ್ಕೆ ಹೋಗುವಾಗ ಕುತ್ತಿಗೆ ಎಡಕ್ಕೆ ಬಾಗಿ ಒಂದು ಮೂಲೆ ಗಾಜಿಗೆ ತಾಗುತ್ತದೆ. ತೋಳು ತಿರುಗಿದ ಕ್ಷಣ ರಬ್ಬರು ಮಗುಚಿ ಇನ್ನೊಂದು ಮೂಲೆ ಕೆಲಸ ಹಿಡಿಯುತ್ತದೆ. ವೈಪರ್ ತಿರುಗುವಲ್ಲಿ ಕೇಳುವ ಮೆಲ್ಲನೆಯ ಟಪ್ ಸದ್ದು ಇದೇ. ಒಳ್ಳೆಯ ಬ್ಲೇಡು ನೀರನ್ನು ಪೂರ್ತಿ ಬಳಿದು ತೆಗೆಯುವುದಿಲ್ಲ, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯೊಂದನ್ನು ಉಳಿಸುತ್ತದೆ. ರಬ್ಬರು ಜಾರುವುದು ಆ ಪೊರೆಯ ಮೇಲೆ. ಒಣ ಗಾಜಿನ ಮೇಲೆ ಘರ್ಷಣೆ ಹಲವು ಪಟ್ಟು ಹೆಚ್ಚು. ಅದನ್ನು ಇಳಿಸಲೆಂದೇ ತಯಾರಿಕೆಯಲ್ಲಿ ತುಟಿಗೆ ಗ್ರಾಫೈಟ್ ಲೇಪಿಸುವುದೋ ಕ್ಲೋರಿನ್ನಿನಿಂದ ಮೇಲ್ಮೈಯನ್ನು ಗಡುಸುಗೊಳಿಸುವುದೋ ಮಾಡುತ್ತಾರೆ. ಹೊಸ ಬ್ಲೇಡನ್ನು ಒರೆಸಿದಾಗ ಬಟ್ಟೆಗೆ ಹತ್ತುವ ಕಪ್ಪು ಎಷ್ಟೋ ಸಲ ಈ ಲೇಪವೇ ಆಗಿರುತ್ತದೆ; ತಿಕ್ಕಿ ತಿಕ್ಕಿ ತೆಗೆಯುವುದು ಜಾಣತನವಲ್ಲ.

ರಬ್ಬರಿಗೆ ಮೂವರು ಶತ್ರುಗಳು: ಬಿಸಿ, ಅತಿನೇರಳೆ ಕಿರಣ, ಗಾಳಿಯಲ್ಲಿನ ಓಝೋನು. ಓಝೋನು ಬಾಗಿ ಬಿಗಿದಿರುವ ರಬ್ಬರನ್ನು ಹುಡುಕಿಕೊಂಡು ಬಂದಂತೆ ಅಲ್ಲೇ ಸೀಳುತ್ತದೆ, ಕುತ್ತಿಗೆಯ ಸಣ್ಣ ಸಣ್ಣ ಬಿರುಕುಗಳಿಗೆ ಇದೂ ಒಂದು ಕಾರಣ. ಇನ್ನೊಂದು ಕೇಡು ನಿಂತ ಕಾರಿಗೆ ವಿಶೇಷ. ವೈಪರ್ ವಿಶ್ರಾಂತಿಯಲ್ಲಿದ್ದಾಗ ಕುತ್ತಿಗೆ ಸದಾ ಒಂದೇ ಕಡೆಗೆ ಬಾಗಿರುತ್ತದೆ. ತಿಂಗಳುಗಟ್ಟಲೆ ಹಾಗೇ ಬೆಂದರೆ ರಬ್ಬರು ಆ ಬಾಗಿನಲ್ಲೇ ಮರಗಟ್ಟುತ್ತದೆ. ಆಮೇಲೆ ಮೇಲೇರುವಾಗ ಚೆನ್ನಾಗಿ ಒರೆಸಿ, ಇಳಿಯುವಾಗ ತಡತಡ ಎಂದು ಕುಣಿಯುತ್ತದೆ, ಅಥವಾ ತದ್ವಿರುದ್ಧ. ವಾರಕ್ಕೊಮ್ಮೆ ನೀರು ಚಿಮ್ಮಿಸಿ ನಾಲ್ಕು ಬಾರಿ ಓಡಿಸಿದರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲವಿಡೀ ಓಡುವ ಬ್ಲೇಡು ಅಂಚು ಸವೆದು ಹೋಗುತ್ತದೆ, ಬೆಂಗಳೂರಿನದ್ದು ಸವೆಯುವ ಮೊದಲೇ ಸೆಟೆದುಕೊಳ್ಳುತ್ತದೆ.

ಬ್ಲೇಡುಗಳಲ್ಲಿ ಮೂರು ಬಗೆ. ಹಳೆಯದು ಉಕ್ಕಿನ ಕಮಾನಿನದು: ದೊಡ್ಡ ಕಮಾನಿಗೆ ಚಿಕ್ಕ ಕಮಾನುಗಳು ಕೀಲಿಸಿಕೊಂಡು ಆರೋ ಎಂಟೋ ಕಡೆ ರಬ್ಬರನ್ನು ಉಗುರಿನಿಂದ ಹಿಡಿದಂತೆ ಹಿಡಿದಿರುತ್ತವೆ. ಎರಡನೆಯದು ಚಪ್ಪಟೆ ಬ್ಲೇಡು. ಇದಕ್ಕೆ ಕಮಾನೇ ಇಲ್ಲ. ಒಳಗಿರುವ ಬಾಗಿದ ಉಕ್ಕಿನ ಪಟ್ಟಿ ಉದ್ದಕ್ಕೂ ಒಂದೇ ಸಮ ಒತ್ತುತ್ತದೆ. ಬಾಷ್ ಕಂಪನಿ ಏರೋಟ್ವಿನ್ ಹೆಸರಿನಲ್ಲಿ ಇದನ್ನು 1999ರಲ್ಲಿ ತಂದಿತು. ಮೂರನೆಯದು ಕಮಾನಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವ ಮಿಶ್ರ ಬಗೆ. ಮರದಡಿ ನಿಲ್ಲುವ ಕಾರಿಗೆ ಚಪ್ಪಟೆಯದೇ ವಾಸಿ, ಕಮಾನಿನ ಕೀಲುಗಳಲ್ಲಿ ಎಲೆ, ಕೆಸರು ಸಿಕ್ಕಿಕೊಳ್ಳುವ ತಾಪತ್ರಯ ಇರುವುದಿಲ್ಲ. ಸಿಲಿಕೋನ್ ರಬ್ಬರಿನ ಬ್ಲೇಡು ಬಿಸಿಲಿಗೆ ಹೆಚ್ಚು ತಡೆಯುತ್ತದೆ, ಬೆಲೆಯೂ ಹೆಚ್ಚು.

ಇತಿಹಾಸ

ಅಮೆರಿಕದ ಅಲಬಾಮಾದ ಮೇರಿ ಆ್ಯಂಡರ್ಸನ್ ಚಳಿಗಾಲದ ನ್ಯೂಯಾರ್ಕಿನಲ್ಲಿ ಟ್ರಾಮಿನ ಚಾಲಕ ಗಾಜು ತೆರೆದು ಹಿಮಕ್ಕೆ ಮುಖವೊಡ್ಡಿ ಓಡಿಸುತ್ತಿದ್ದುದನ್ನು ಕಂಡು, ಒಳಗಿನಿಂದಲೇ ಹಿಡಿಕೆ ತಿರುಗಿಸುವ ಒರೆಸುಗೋಲನ್ನು ರೂಪಿಸಿದರು. 1903ರ ನವೆಂಬರ್ 10ರಂದು ಅದಕ್ಕೆ ಪೇಟೆಂಟ್ ಸಿಕ್ಕಿತು. ಕೊಳ್ಳುವವರು ಸಿಗಲಿಲ್ಲ. ಕಾರುಗಳು ಮನೆಮಾತಾಗುವ ಹೊತ್ತಿಗೆ ಪೇಟೆಂಟಿನ ಅವಧಿ ಮುಗಿದಿತ್ತು, ಅವರಿಗೆ ಅದರಿಂದ ದುಡ್ಡೂ ಬರಲಿಲ್ಲ. ಆಮೇಲೆ ಎಂಜಿನ್ನಿನ ನಿರ್ವಾತದಿಂದ ನಡೆಯುವ ವೈಪರ್ ಬಂತು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ನಿರ್ವಾತ ಇಳಿದು ವೈಪರ್ ನಿಧಾನವಾಗುವುದು ಅದರ ದೋಷ. ಬಾಷ್ 1926ರಲ್ಲಿ ವಿದ್ಯುತ್ ವೈಪರನ್ನು ಮಾರುಕಟ್ಟೆಗೆ ತಂದಿತು. ಬಿಟ್ಟು ಬಿಟ್ಟು ಒರೆಸುವ ವ್ಯವಸ್ಥೆ ರಾಬರ್ಟ್ ಕರ್ನ್ಸ್ ಅವರದ್ದು. ಕಣ್ಣಿನ ರೆಪ್ಪೆ ಮಿಟುಕುವುದನ್ನು ಮಾದರಿಯಾಗಿಟ್ಟುಕೊಂಡ ಅವರು 1964ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ತಮ್ಮ ಕಲ್ಪನೆಯನ್ನು ಅನುಮತಿಯಿಲ್ಲದೆ ಬಳಸಿದರೆಂದು ಫೋರ್ಡ್ ಮೇಲೆ 1978ರಲ್ಲಿ ಹೂಡಿದ ದಾವೆ 1990ರಲ್ಲಿ 10.2 ಮಿಲಿಯನ್ ಡಾಲರ್ ಪರಿಹಾರದಲ್ಲಿ ಮುಗಿಯಿತು. ಬೆಂಗಳೂರಿನ ಜೂನ್ ಜಿಟಿಜಿಟಿಗೆ ಹೇಳಿ ಮಾಡಿಸಿದ ಸೌಲಭ್ಯ ಅದು.

ವಿದ್ಯುತ್ ವೈಪರ್ ತಂದ ಬಾಷ್‌ಗೂ ವಿಲ್ಸನ್ ಗಾರ್ಡನ್ನಿಗೂ ನೆರೆಹೊರೆಯ ನಂಟು. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಊರವರ ಬಾಯಲ್ಲಿ ಮೈಕೋ, ಹೊಸೂರು ರಸ್ತೆಯ ಆಡುಗೋಡಿಯಲ್ಲಿ ಕಾರ್ಖಾನೆ ತೆರೆಯಿತು. ಅಲ್ಲಿ ಹೆಸರಾದದ್ದು ಡೀಸೆಲ್ ಪಂಪು ಮತ್ತು ಸ್ಪಾರ್ಕ್ ಪ್ಲಗ್ಗು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಬಿಟಿಎಂ ಕಡೆಯ ಮೈಕೋ ಲೇಔಟ್ ಮಾತ್ರ ಹಳೆ ಹೆಸರಲ್ಲೇ ಉಳಿದಿದೆ.

ಹಳೆಯ ಆಟೋರಿಕ್ಷಾಗಳಲ್ಲಿ ಮೇರಿ ಆ್ಯಂಡರ್ಸನ್ ಅವರ ತತ್ವವೇ ಬಹುಕಾಲ ಬದುಕಿತ್ತು: ಚಾಲಕ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದರಿಂದ ವೈಪರಿನ ಹಿಡಿಕೆ ಆಡಿಸುತ್ತಿದ್ದ. ವೈಪರ್ ಕೈಕೊಟ್ಟ ಲಾರಿಗಳಲ್ಲಿ ಬೀಡಿ ಬಿಡಿಸಿ ಹೊಗೆಸೊಪ್ಪನ್ನು ಒದ್ದೆ ಗಾಜಿಗೆ ಉಜ್ಜುವ ಉಪಾಯವಿತ್ತು. ಹನಿ ಹನಿಯಾಗಿ ನಿಲ್ಲುವ ನೀರು ಆಗ ಹಾಳೆಯಂತೆ ಹರಡಿ ಜಾರುತ್ತದೆ. ಸ್ವಲ್ಪ ದೂರಕ್ಕೆ ಸಾಕಾಗುವ ಉಪಾಯ, ಅಷ್ಟೇ.

ಲಕ್ಷಣ ನೋಡಿ ದೋಷ ತಿಳಿಯುವುದು

ಒಂದೇ ಜಾಗದಲ್ಲಿ ಸಣ್ಣ ಗೆರೆ ಉಳಿದರೆ ಅಲ್ಲಿ ರಬ್ಬರಿಗೆ ಏನೋ ಅಂಟಿದೆ, ಇಲ್ಲವೇ ತುಟಿ ಹರಿದಿದೆ. ಒರೆಸಿದರೆ ಹೋಗುವ ಗೆರೆ ಮೊದಲನೆಯದು, ಹೋಗದ್ದು ಎರಡನೆಯದು. ಅಗಲವಾದ ಪಟ್ಟೆ ಒರೆಸದೆ ಉಳಿದರೆ ಕಮಾನು ಸೊಟ್ಟಗಾಗಿದೆ ಅಥವಾ ತೋಳಿನ ಸ್ಪ್ರಿಂಗ್ ಸೋತಿದೆ. ತಡತಡಿಸಿದರೆ ರಬ್ಬರು ಮರಗಟ್ಟಿರಬಹುದು, ತೋಳು ತಿರುಚಿರಬಹುದು, ಗಾಜಿನ ಮೇಲೆ ಮೇಣವೋ ಎಣ್ಣೆಯೋ ಇರಬಹುದು. ಬ್ಲೇಡು ಬದಲಿಸಿದರೂ ತಡತಡ ನಿಲ್ಲದಿದ್ದರೆ ಅನುಮಾನವಿಲ್ಲದೆ ಗಾಜನ್ನು ತೊಳೆಯಬೇಕು. ವಾಟರ್ ಸರ್ವೀಸಿನಲ್ಲಿ ಬಾಡಿಗೆ ಹಚ್ಚಿದ ಪಾಲಿಷ್ ಗಾಜಿನ ಮೇಲೂ ಹರಡುವುದು ಮಾಮೂಲು. ಹೊಸೂರು ರಸ್ತೆಯ ಬಸ್ಸು, ಲಾರಿಗಳ ಡೀಸೆಲ್ ಹೊಗೆಯ ಜಿಡ್ಡು ಇನ್ನೊಂದು ಕಾರಣ. ಮಳೆಯಲ್ಲಿ ದೀಪಗಳ ಸುತ್ತ ಪ್ರಭೆ ಕಟ್ಟಿದಂತೆ ಕಾಣಿಸುವುದು ಇದರಿಂದಲೇ. ಎಷ್ಟು ಒರೆಸಿದರೂ ಮಬ್ಬು ಹೋಗದಿದ್ದರೆ ಗಾಜಿನ ಒಳಬದಿಗೆ ಬೆರಳಿಟ್ಟು ನೋಡಬೇಕು. ಮಬ್ಬು ಒಳಗಿನದಾದರೆ ಅದಕ್ಕೆ ಏಸಿಯೇ ಮದ್ದು. ಮಳೆಯಲ್ಲಿ ಕಿಟಕಿ ಮುಚ್ಚಿ ಏಸಿ ಹಾಕದೆ ಕೂತವರು ವೈಪರಿಗೆ ಬಯ್ಯುವುದು ಬಹಳ ಕಡೆ ಕಾಣುವ ನೋಟ.

ಒಂದು ವೈಪರ್ ಓಡಿ ಇನ್ನೊಂದು ನಿಂತರೆ ಸರಳಿನ ಪ್ಲಾಸ್ಟಿಕ್ ಬುಷ್ ಕಳಚಿದೆ ಅಥವಾ ತೋಳಿನ ಬುಡದ ನಟ್ಟು ಸಡಿಲವಾಗಿದೆ. ಎರಡೂ ನಿಂತರೆ ಮೊದಲು ಫ್ಯೂಸ್.

ದಿನನಿತ್ಯದ ಆರೈಕೆ

ಬೆಳಿಗ್ಗೆ ಬಕೆಟ್ ಹಿಡಿದು ಬೀದಿಯ ಹತ್ತಾರು ಕಾರು ಒರೆಸುವವರು ದಕ್ಷಿಣ ಬೆಂಗಳೂರಿನ ಎಲ್ಲ ಬಡಾವಣೆಗಳಲ್ಲೂ ಇದ್ದಾರೆ. ಒರೆಸಿ ಆಯಿತೆಂಬ ಗುರುತಿಗೆ ವೈಪರುಗಳನ್ನು ಎತ್ತಿ ನಿಲ್ಲಿಸಿ ಹೋಗುವುದು ಅವರ ಪದ್ಧತಿ. ಗಾಜಿನಿಂದ ಬಿಟ್ಟಿರುವುದು ರಬ್ಬರಿಗೆ ಒಳ್ಳೆಯದೇ. ಆದರೆ ದಿನವಿಡೀ ಹಾಗೇ ಬಿಟ್ಟರೆ ಸ್ಪ್ರಿಂಗ್ ಹಿಗ್ಗಿಯೇ ಇರುತ್ತದೆ, ಗಾಳಿಗೋ ಮಕ್ಕಳ ಕೈತಾಗಿಯೋ ತೋಳು ಗಾಜಿಗೆ ಬಡಿಯುವ ಭಯವೂ ಇದೆ. ಕಾರು ತೊಳೆಯುವ ಹುಡುಗನಿಗೆ ಎರಡು ಮಾತು ಹೇಳಿಟ್ಟರೆ ಸಾಕು: ಗಾಜಿಗೆ ಬೇರೆ ಬಟ್ಟೆ, ಒರೆಸುವ ಮೊದಲು ಒಂದು ಚೊಂಬು ನೀರು. ಟೈರು, ಚಕ್ರದ ಕಮಾನು ಒರೆಸಿದ ಬಟ್ಟೆಯನ್ನೇ ಗಾಜಿಗೂ ತಂದರೆ ಗೀರು ಖಚಿತ.

ಬ್ಲೇಡನ್ನು ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಎರಡು ಬೆರಳಿನ ನಡುವೆ ಹಿಡಿದು ಉದ್ದಕ್ಕೂ ಒಮ್ಮೆ ಎಳೆದರೆ ಶುಚಿಯಾಗುತ್ತದೆ. ಪೆಟ್ರೋಲು, ಸೀಮೆಎಣ್ಣೆ, ತೆಂಗಿನೆಣ್ಣೆ ಯಾವುದೂ ಬೇಡ; ಎಣ್ಣೆ ಮುಟ್ಟಿದ ರಬ್ಬರು ಉಬ್ಬುತ್ತದೆ, ಗಾಜಿಗೆ ಜಿಡ್ಡು ಬಳಿಯುತ್ತದೆ. ಮರದ ಅಂಟು, ಹಿಕ್ಕೆಗಳನ್ನು ವೈಪರಿನಿಂದ ತೆಗೆಯಲು ಹೋಗಬಾರದು. ಒದ್ದೆ ಬಟ್ಟೆಯನ್ನು ಅದರ ಮೇಲೆ ಹತ್ತು ನಿಮಿಷ ಹಾಕಿಟ್ಟರೆ ತಾನೇ ನೆನೆದು ಬರುತ್ತದೆ.

ಗಾಜಿಗೆ ನೀರು ಚಿಮ್ಮಿಸುವ ಟ್ಯಾಂಕಿಗೆ ಏನು ತುಂಬಿಸುತ್ತೇವೆ ಎನ್ನುವುದೂ ಮುಖ್ಯ. ಬೋರ್‌ವೆಲ್ ನೀರಿನ ಗಡಸು ಲವಣ ನಾಜಲ್ಲಿನ ಕಿರುತೂತಿನಲ್ಲಿ ಬೆಳ್ಳಗೆ ಕಟ್ಟಿಕೊಳ್ಳುತ್ತದೆ, ಗಾಜಿನ ಮೇಲೂ ಚುಕ್ಕೆ ಬಿಡುತ್ತದೆ. ಕಾವೇರಿ ನೀರು ಪರವಾಗಿಲ್ಲ. ಪೆಟ್ರೋಲ್ ಬಂಕಿನಲ್ಲಿ ಸಿಗುವ ಡಿಸ್ಟಿಲ್ಡ್ ವಾಟರಿಗೆ ಗಾಜಿನ ವಾಷರ್ ದ್ರಾವಣ ಬೆರೆಸಿದರೆ ಇನ್ನೂ ಉತ್ತಮ. ಬಟ್ಟೆ ಒಗೆಯುವ ಪುಡಿ ಬೇಡ, ನೊರೆ ಒಣಗಿ ಪಂಪಿನಲ್ಲಿ ಗಟ್ಟಿಯಾಗುತ್ತದೆ. ತೂತು ಕಟ್ಟಿದ ನಾಜಲ್ಲಿಗೆ ಗುಂಡುಸೂಜಿ ಸಾಕು. ಅದರಿಂದಲೇ ಒಳಗಿನ ಗುಂಡನ್ನು ಅಷ್ಟಿಷ್ಟು ತಿರುಗಿಸಿ ನೀರು ಬೀಳುವ ಜಾಗವನ್ನೂ ಸರಿಮಾಡಬಹುದು.

ಬದಲಾಯಿಸುವುದು

ಯುಗಾದಿ ಹಬ್ಬಕ್ಕೆ ಕಾರು ತೊಳೆಯುವ ಹೊತ್ತಿಗೆ ಬ್ಲೇಡು ಬದಲಿಸುವುದು ಬೆಂಗಳೂರಿನ ಮಟ್ಟಿಗೆ ಸರಿಯಾದ ಮುಹೂರ್ತ. ಭರಣಿ ಮಳೆಗೂ ಉಪಯೋಗ, ಹಸ್ತದ ಮಳೆಗೂ ರಬ್ಬರು ಮೆದುವಾಗಿ ಉಳಿದಿರುತ್ತದೆ. ಆಯುಧಪೂಜೆಗೆ ಬದಲಿಸುವವರ ಹೊಸ ಬ್ಲೇಡು ಸ್ವಲ್ಪ ದಿನ ದುಡಿದು ಮುಂದಿನ ಒಣಗಾಲವನ್ನೆಲ್ಲ ಬಿಸಿಲಲ್ಲಿ ಕಳೆಯುತ್ತದೆ.

ಅಂಗಡಿಯಲ್ಲಿ ಅಳತೆ ಇಂಚಿನಲ್ಲಿ. ಸಾಮಾನ್ಯವಾಗಿ 14ರಿಂದ 26 ಇಂಚಿನೊಳಗೆ, ಚಾಲಕನ ಕಡೆಯದು ಉದ್ದ, ಪಕ್ಕದ್ದು ಗಿಡ್ಡ. ಟಾಟಾ ನ್ಯಾನೋ ಒಂದೇ ವೈಪರಿನಿಂದ ಕೆಲಸ ನಡೆಸಿದ ಕಾರು. ಕಾರಿನ ಕೈಪಿಡಿಯಲ್ಲಿ ಅಳತೆ ಇರುತ್ತದೆ. ಇಲ್ಲದಿದ್ದರೆ ಟೇಪು ಹಿಡಿದು ಹಳೆಯದನ್ನೇ ಅಳೆಯಬಹುದು. ಉದ್ದ ಇದ್ದಷ್ಟೂ ಒಳ್ಳೆಯದೆಂದು ಒಂದು ಇಂಚು ಹೆಚ್ಚಿಗೆ ಹಾಕಿದರೆ ಒಂದಕ್ಕೊಂದು ತಾಗುತ್ತವೆ, ಇಲ್ಲವೇ ಪಕ್ಕದ ಕಂಬಕ್ಕೆ ಬಡಿಯುತ್ತವೆ. ಉದ್ದದ ಜೊತೆಗೆ ತೋಳಿನ ತುದಿಯ ಆಕಾರವನ್ನೂ ನೋಡಬೇಕು. ಬಹುಪಾಲು ಕಾರುಗಳದ್ದು ಕೊಕ್ಕೆ, ಕೆಲವದ್ದು ಒತ್ತುವ ಬಟನ್ ಇರುವ ಚಪ್ಪಟೆ ತುದಿ.

ಕೊಕ್ಕೆಯ ತೋಳಿನಲ್ಲಿ ಕೆಲಸ ಹೀಗೆ. ಮೊದಲು ಗಾಜಿನ ಮೇಲೆ ದಪ್ಪ ಟವೆಲ್ಲೊಂದನ್ನು ಮಡಚಿ ಹಾಕಬೇಕು. ಇದನ್ನು ಬಿಟ್ಟವರು ಬ್ಲೇಡು ತೆಗೆದ ಬೆತ್ತಲೆ ತೋಳು ಸ್ಪ್ರಿಂಗಿನ ಸೆಳೆತಕ್ಕೆ ಟಪ್ಪನೆ ಬಿದ್ದು ಗಾಜು ಬಿರಿದ ಮೇಲೆ ಪಶ್ಚಾತ್ತಾಪ ಪಡುತ್ತಾರೆ. ತೋಳನ್ನು ಎತ್ತಿ ನಿಲ್ಲಿಸಿ, ಬ್ಲೇಡನ್ನು ತೋಳಿಗೆ ಅಡ್ಡವಾಗಿ ತಿರುಗಿಸಿದರೆ ನಡುವಿನ ಪ್ಲಾಸ್ಟಿಕ್ ಕ್ಲಿಪ್ಪು ಕಾಣುತ್ತದೆ. ಅದರ ನಾಲಿಗೆಯನ್ನು ಹೆಬ್ಬೆರಳಲ್ಲಿ ಒತ್ತಿ, ಬ್ಲೇಡನ್ನು ತೋಳಿನ ಬುಡದ ಕಡೆಗೆ, ಅಂದರೆ ಕೆಳಕ್ಕೆ, ತಳ್ಳಬೇಕು. ಮೇಲಕ್ಕೆ ಎಳೆದರೆ ಎಷ್ಟು ಎಳೆದರೂ ಬರುವುದಿಲ್ಲ. ಮೊದಲ ಸಲ ಮಾಡುವವರು ಕ್ಲಿಪ್ಪು ಮುರಿಯುವುದು ಇಲ್ಲೇ. ಕೊಕ್ಕೆ ಬಿಡಿಸಿಕೊಂಡ ಮೇಲೆ ಹೊಸದನ್ನು ಅದೇ ದಾರಿಯಲ್ಲಿ ತಂದು ಮೇಲಕ್ಕೆ ಎಳೆದರೆ ಕಟಕ್ ಎನ್ನುತ್ತದೆ. ಆ ಸದ್ದು ಬಾರದೆ ಬಿಡಬಾರದು, ಓಡುವಾಗ ಬ್ಲೇಡು ಹಾರಿಹೋದೀತು. ಕೆಲವು ಹೊಸ ಬ್ಲೇಡುಗಳ ಅಂಚಿಗೆ ಪ್ಲಾಸ್ಟಿಕ್ ಕವಚ ಇರುತ್ತದೆ. ಅದನ್ನು ತೆಗೆಯದೆ ಹಾಗೇ ಓಡಿಸಿ, ಮಾಲು ಸರಿಯಿಲ್ಲ ಎಂದು ವಾಪಸು ತರುವವರೂ ಇದ್ದಾರಂತೆ. ತೋಳನ್ನು ಕೈಯಲ್ಲಿ ಹಿಡಿದೇ ಇಳಿಸಿ, ಗಾಜು ಒದ್ದೆ ಮಾಡಿ ಓಡಿಸಿ ನೋಡುವುದು ಕೊನೆಯ ಹಂತ. ವೈಪರ್ ಬಾನೆಟ್ಟಿನ ಅಂಚಿನೊಳಗೆ ಅಡಗಿರುವ ಕಾರುಗಳಲ್ಲಿ ತೋಳನ್ನು ಬಲವಂತದಿಂದ ಎತ್ತಬಾರದು. ಇಗ್ನಿಷನ್ ಆಫ್ ಮಾಡಿದ ಕೂಡಲೇ ವೈಪರಿನ ಸ್ವಿಚ್ಚು ತಟ್ಟಿದರೆ ಅಂಥ ಹಲವು ಕಾರುಗಳಲ್ಲಿ ವೈಪರುಗಳು ಮೇಲೆ ಬಂದು ನಿಲ್ಲುತ್ತವೆ.

ವಿಲ್ಸನ್ ಗಾರ್ಡನ್ನಿನವರಿಗೆ ದೊಡ್ಡ ಪೇಟೆ ಜಯಚಾಮರಾಜೇಂದ್ರ ರಸ್ತೆ. ಮಿನರ್ವಾ ವೃತ್ತದಿಂದ ಟೌನ್‌ಹಾಲ್‌ವರೆಗಿನ ಜೆ.ಸಿ. ರಸ್ತೆ ಬೆಂಗಳೂರಿನ ಬಿಡಿಭಾಗಗಳ ಬೀದಿ. ಮೊದಲೆಲ್ಲ ಇಂಥ ಅಂಗಡಿಗಳಲ್ಲಿ ಕಮಾನು ಹಳೆಯದೇ ಇಟ್ಟುಕೊಂಡು ಬರೀ ರಬ್ಬರು ಹಾಕಿಸಿಕೊಳ್ಳುವ ರೂಢಿಯಿತ್ತು. ಚಪ್ಪಟೆ ಬ್ಲೇಡು ಬಂದ ಮೇಲೆ ಅದು ಕಡಿಮೆಯಾಗಿದೆ. ಕಮಾನು ಗಟ್ಟಿಯಿದ್ದರೆ ರಬ್ಬರು ಮಾತ್ರ ಬದಲಿಸುವುದರಲ್ಲಿ ತಪ್ಪೇನಿಲ್ಲ. ಕೊಳ್ಳುವಾಗ ಪ್ಯಾಕೆಟ್ಟಿನ ಮೇಲಿನ ತಯಾರಿಕೆಯ ತಿಂಗಳು ನೋಡಬೇಕು. ಅಂಗಡಿಯ ಬಾಗಿಲಲ್ಲಿ ಬಿಸಿಲಿಗೆ ತೂಗುಹಾಕಿದ ಬ್ಲೇಡು ಕಾರಿಗೆ ಹಾಕುವ ಮೊದಲೇ ಅರ್ಧ ಆಯಸ್ಸು ಕಳೆದಿರುತ್ತದೆ. ಹೆಸರಾಂತ ಕಂಪನಿಗಳ ನಕಲಿ ಮಾಲೂ ಪೇಟೆಯಲ್ಲಿ ಓಡಾಡುತ್ತದೆ. ತುಟಿಯ ಮೇಲೆ ಬೆರಳಾಡಿಸಿದಾಗ ಅಲೆ ಅಲೆಯಾಗಿ, ಚುಂಗು ಚುಂಗಾಗಿ ಸಿಕ್ಕಿದರೆ ಕತ್ತರಿಸಿದ್ದು ಸರಿಯಿಲ್ಲ.

ಕಾನೂನು ಮತ್ತು ಉಳಿದ ವಿಷಯ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 101ನೇ ನಿಯಮ ಮುಂಗಾಜಿರುವ ವಾಹನಕ್ಕೆ ಸರಿಯಾಗಿ ಕೆಲಸ ಮಾಡುವ ವೈಪರ್ ಇರಬೇಕೆನ್ನುತ್ತದೆ. ಟ್ಯಾಕ್ಸಿ, ಬಸ್ಸು, ಲಾರಿಗಳ ಫಿಟ್‌ನೆಸ್ ತಪಾಸಣೆಯಲ್ಲಿ ಇದನ್ನೂ ನೋಡುತ್ತಾರೆ. ಸಾರಿಗೆ ಇಲಾಖೆಯ ಕೇಂದ್ರ ಕಚೇರಿ ಇರುವುದು ವಿಲ್ಸನ್ ಗಾರ್ಡನ್ನಿನ ಮಗ್ಗುಲಲ್ಲೇ, ಶಾಂತಿನಗರದ ಬಸ್ ನಿಲ್ದಾಣದ ಕಟ್ಟಡದಲ್ಲಿ. ಸ್ವಂತ ಕಾರಿನವರನ್ನು ಮೊದಲ ಹದಿನೈದು ವರ್ಷ ಯಾರೂ ಕೇಳುವುದಿಲ್ಲ, ಬ್ಲೇಡು ಮರೆತುಹೋಗಲು ಅದೂ ಒಂದು ಕಾರಣ. ವೈಪರಿನ ವೇಗಕ್ಕೆ ಅಮೆರಿಕದ ಸುರಕ್ಷತಾ ಮಾನದಂಡ ನಿಮಿಷಕ್ಕೆ ಕನಿಷ್ಠ 45 ಸುತ್ತು, ನಿಧಾನಗತಿಯಲ್ಲಿ 20 ಎಂದು ನಿಗದಿ ಮಾಡಿದೆ.

ಹ್ಯಾಚ್‌ಬ್ಯಾಕ್, ಎಸ್‌ಯುವಿಗಳ ಹಿಂಗಾಜಿನ ವೈಪರ್ ಎಲ್ಲಕ್ಕಿಂತ ಹೆಚ್ಚು ಉಪೇಕ್ಷೆಗೆ ಒಳಗಾದ ಭಾಗ. ಕಾರಿನ ಹಿಂಬದಿಗೆ ಗಾಳಿಯ ಸುಳಿ ಧೂಳನ್ನು ಎಳೆದು ತಂದು ಕೂರಿಸುವುದರಿಂದ ಅಲ್ಲಿ ಒಣ ಒರೆಸುವಿಕೆಯ ಗೀರು ಬೇಗ ಬೀಳುತ್ತದೆ. ಅದರ ಬ್ಲೇಡನ್ನು ಎರಡು ವರ್ಷಕ್ಕೊಮ್ಮೆಯಾದರೂ ನೋಡಬೇಕು. ಮುಂದಿನ ಹಳೆಯ ಜೋಡಿಯಲ್ಲಿ ವಾಸಿ ಎನಿಸಿದ್ದನ್ನು ಗುಜರಿಗೆ ಹಾಕದೆ ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ ಇಟ್ಟುಕೊಳ್ಳುವುದು ಒಳ್ಳೆಯದು. ಜುಲೈನಲ್ಲಿ ಶಿರಾಡಿ ಘಾಟಿ ಇಳಿಯುವಾಗ ಬ್ಲೇಡು ಕಿತ್ತುಹೋದರೆ ಮುಂದಿನ ಅಂಗಡಿ ಸಿಗುವವರೆಗೆ ಅದೇ ನಡೆಯುತ್ತದೆ.